ಐದನೆಯ ಹೆಸರು

೭ ಮಾರ್ಚ್ ೨೦೧೬, ಸೋಮವಾರ

ಮಧ್ಯಾಹ್ನದೊಳಗೆ ಎರಡು ಫೈಲ್ ಮುಗಿಸಿದೆ. ಬರ್ನ್ ಊರಿನ ಡಾಕ್ಟರಿಗೆ ತನ್ನ ಕಾರನ್ನು ಹಿಂದೊಮ್ಮೆ ರಾಜಕುಮಾರಿ ಓಡಿಸಿದ್ದಳೆಂದು ಬರೆಸಿಕೊಳ್ಳುವ ಚಪಲ. ರಾಜಕುಮಾರಿ ಇಲ್ಲ ಮಾರಾಯ, ಸಾಸೇಜ್ ವ್ಯಾಪಾರಿಯ ಅತ್ತೆ. ಹಾಗೇ ಬರೆದು ಕಳಿಸಿದೆ. ಅಳಲಿ.

ನಿವೃತ್ತಿಯಾದ ಮೇಲೂ ಬಿಡದ ಕೆಲಸ. ಹಳೆಯ ಕಾರು ಯಾರಿಂದ ಯಾರ ಕೈಗೆ ಹೋಯಿತೆಂದು ನೋಂದಣಿ ಪುಸ್ತಕದಲ್ಲಿ ಹುಡುಕಿ ಪಟ್ಟಿ ಮಾಡಿ ಕೊಡಬೇಕು. ಮಾರುವವರು ಕಥೆ ಹೇಳುತ್ತಾರೆ, ಕೊಳ್ಳುವವರು ಬಾಯಿಬಿಟ್ಟುಕೊಂಡು ಕೇಳುತ್ತಾರೆ. ನಡುವೆ ನಾನೊಬ್ಬಳು, ಕಾಗದ ಎಲ್ಲಿ ಅನ್ನುವವಳು.

ಊಟಕ್ಕೆ ಕೂರುವಾಗ ಲಾಂಬೆರ್ತೊನ ಫೋನ್. ಅವನ ಗ್ಯಾರೇಜಿಗೆ ತೊಸಾತ್ತಿ ಸ್ಪೈಡರ್ ಒಂದು ಬಂದಿದೆಯಂತೆ, ೧೯೫೫ರದ್ದು. ತೊಸಾತ್ತಿ ನಮ್ಮ ಈ ಮೊದೆನಾದಲ್ಲಿ ಮಾಡಿದ್ದೇ ಏಳು ತೆರೆದ ಕಾರು. ಏಳಕ್ಕೂ ತಗಡು ಬಡಿದವನು ನಮ್ಮಪ್ಪ, ಎರ್ಮೆಸ್ ಸೊಲಿಯಾನಿ. ಆರು ಎಲ್ಲಿವೆಯೆಂದು ನನಗೆ ಗೊತ್ತು. ಒಂದು ಗೊತ್ತಿಲ್ಲ.

"ಮೈಯೆಲ್ಲ ಧೂಳು, ಸಿಞೋರಾ. ಆದ್ರೆ ಮೊದೆನಾದ ಕಪ್ಪು ನಂಬರ್ ಪ್ಲೇಟ್ ಹಾಗೇ ಇದೆ."

ಎಲ್ಲಿಂದ ಬಂತು ಅಂದೆ. ತ್ರಿಯೆಸ್ತೆಯಿಂದ ಅಂದ.

ಸಾರು ಆರಿ ಹೋಯಿತು. ಬಿಸಿ ಮಾಡಲೂ ಮನಸ್ಸಾಗಲಿಲ್ಲ.

೮ ಮಾರ್ಚ್

ಲಾಂಬೆರ್ತೊನ ಗ್ಯಾರೇಜ್, ಫೊರ್ಮಿಜಿನೆ ದಾರಿಯಲ್ಲಿ. ಮಹಿಳಾ ದಿನ ಅಂತ ಮಿಮೋಸಾ ಹೂವಿನ ಹಳದಿ ಗೊಂಚಲು ಕೈಗಿಟ್ಟ. ಪ್ರತಿ ವರ್ಷ ಕೊಡುತ್ತಾನೆ, ಪ್ರತಿ ವರ್ಷ ನನಗೆ ಸೀನು.

ಹೊದಿಕೆ ಎಳೆದ. ಬೂದು ಬಣ್ಣ. ಉಳಿದ ಆರಕ್ಕೂ ಯಾರ್ಯಾರೋ ಕೆಂಪು ಬಳಿಸಿದರು, ಇದು ಹುಟ್ಟಿದ ಬಣ್ಣದಲ್ಲೇ ಇದೆ. ಬಲಗಡೆಯ ಮುಂದಿನ ಮಡ್‌ಗಾರ್ಡ್ ಮೇಲೆ ಅಂಗೈ ಇಟ್ಟೆ. ಕಣ್ಣಿಗೆ ಕಾಣುವುದಿಲ್ಲ, ಕೈಗೆ ತಿಳಿಯುತ್ತದೆ. ದೀಪದ ಹಿಂದೆ ಸಣ್ಣ ಏರು. ಅಪ್ಪ ಎರಡನೇ ಸಲ ಬಡಿದ ಜಾಗ, ಅರವತ್ತೇಳರ ಮೇ ತಿಂಗಳು. ರಸೀದಿ ಬರೆದವಳು ನಾನೇ. ಅಪ್ಪನ ವರ್ಕ್‌ಶಾಪಿನ ಮೂಲೆ ಮೇಜು ನನ್ನದಾಗಿತ್ತು.

ಯಾರ ಕಾರು ಅಂತ ಕೇಳಿದೆ, ಗೊತ್ತಿಲ್ಲದವಳ ಹಾಗೆ. ತ್ರಿಯೆಸ್ತೆಯ ಮೇಲಿನ ಕಲ್ಲುಗುಡ್ಡದಲ್ಲಿ ಒಬ್ಬರು ಮುದುಕರ ಶೆಡ್ಡಿನಲ್ಲಿತ್ತಂತೆ. ಮನೆ ಬಿಟ್ಟು ಫ್ಲಾಟಿಗೆ ಹೋಗುತ್ತಿದ್ದಾರೆ, ಕಾರಿಗೆ ಜಾಗವಿಲ್ಲ. ಅಣ್ಣನ ಮಗ ತಂದು ಇಳಿಸಿ ಹೋದ. ಜೂರಿಕ್‌ನಲ್ಲಿ ಕೊಳ್ಳುವವನೂ ಸಿಕ್ಕಿದ್ದಾನೆ. ಕಾಗದ ಮಾತ್ರ ಒಂದೂ ಇಲ್ಲ.

"ಮುದುಕರನ್ನ ಕೇಳಿದ್ರೆ, ಕಾರು ನನ್ನದಲ್ಲ ಅಂತಾರಂತೆ. ಮತ್ತೆ ಯಾರದ್ದು ಅಂದ್ರೆ ಬಾಯೇ ಬಿಡಲ್ವಂತೆ. ಐವತ್ತು ವರ್ಷ ಶೆಡ್ಡಲ್ಲಿಟ್ಕೊಂಡು ನನ್ನದಲ್ಲ ಅಂತಾರೆ ನೋಡಿ."

ಹೆಸರು? ಮರಸ್ಪಿನ್, ತುಲ್ಲಿಯೊ ಮರಸ್ಪಿನ್. ಬದುಕಿದ್ದಾರೆ. ಎಂಬತ್ತೆರಡು.

ಕೈ ತೊಳೆದುಕೊಂಡು ಬರುತ್ತೇನೆ ಅಂತ ಒಳಗೆ ಹೋದೆ. ನಲ್ಲಿ ತಿರುಗಿಸಿ ಸುಮ್ಮನೆ ನಿಂತೆ. ಬದುಕಿದ್ದಾನೆ.

೯ ಮಾರ್ಚ್, ಬೆಳಿಗ್ಗೆ ೬

ಎಂದೂ ಬರೆದಿಲ್ಲ. ಇವತ್ತು ಬರೆದುಬಿಡುತ್ತೇನೆ, ಓದುವವರು ಯಾರಿದ್ದಾರೆ.

ತುಲ್ಲಿಯೊ ಹೊಸ ಹೆದ್ದಾರಿಯ ಸರ್ವೆಗೆ ಬಂದವನು. ಮೂವತ್ಮೂರು ವಯಸ್ಸು. ಹೆಂಡತಿ ತ್ರಿಯೆಸ್ತೆಯಲ್ಲಿ, ಬೇರೆಯಾಗಿ ನಾಲ್ಕು ವರ್ಷ. ಆಗ ಈ ದೇಶದಲ್ಲಿ ವಿಚ್ಛೇದನವೇ ಇರಲಿಲ್ಲ, ಬೇರೆಯಾದವನು ಸಾಯುವ ತನಕ ಬೇರೆಯಾದವನೇ. ನನಗೆ ಇಪ್ಪತ್ತು, ಹುಟ್ಟಿದ್ದು ನಲವತ್ತೇಳರ ಫೆಬ್ರವರಿ. ಇಪ್ಪತ್ತೊಂದಾಗದವಳ ಜೊತೆ ಓಡಾಡುವುದಿಲ್ಲ ಅಂದ, ಕಾನೂನಿಗೆ ಹೆದರುವ ಜಾತಿ, ಆಗ ಪ್ರಾಯಕ್ಕೆ ಬರುವುದು ಇಪ್ಪತ್ತೊಂದಕ್ಕೆ. ಇಪ್ಪತ್ತೊಂದಾಯಿತು ಅಂದೆ. ಹುಟ್ಟಿದ್ದು ನಲವತ್ತಾರರಲ್ಲಿ ಅಂದೆ. ನಾಲಿಗೆ ತಡವರಿಸಲೂ ಇಲ್ಲ.

ಸೆಕ್ಕಿಯಾ ನದಿಯ ಏರಿಯ ಮೇಲೆ ಆ ಕಾರಿನಲ್ಲೇ ಡ್ರೈವಿಂಗ್ ಕಲಿಸಿದ. ಮಡ್‌ಗಾರ್ಡ್ ಪೋಪ್ಲಾರ್ ಮರಕ್ಕೆ ಗುದ್ದಿದವಳು ನಾನು. ತಾನೇ ಗುದ್ದಿದೆ ಅಂತ ಹೇಳಿ ಅಪ್ಪನ ವರ್ಕ್‌ಶಾಪಿಗೆ ತಂದು ಬಿಟ್ಟವನು ಅವನು.

ಜೂನ್‌ನಲ್ಲಿ ತ್ರಿಯೆಸ್ತೆಗೆ ವರ್ಗ. ಕಾರು ಇನ್ನೂ ರಿಪೇರಿಯಲ್ಲಿತ್ತು, ರೈಲಿಗೆ ಹೋದ. ಹೋಗುವಾಗ ಅಂದದ್ದು: "ಒಂದು ಕಾಗದ ಬರುತ್ತೆ. ಬಂದ್ಮೇಲೆ ಕಾರು ತಗೊಂಡು ನೀನೇ ಬಾ." ಕಾಗದ ಅಂದರೆ ಪತ್ರ ಅಂದುಕೊಂಡೆ. ಪೋಸ್ಟ್‌ಮ್ಯಾನ್ ಸೈಕಲ್ಲಿನ ಸದ್ದಿಗೆ ಎದ್ದೆದ್ದು ಕೂತೆ. ಜುಲೈ ಪೂರ್ತಿ ಸಮುದ್ರದ ದಂಡೆಯಲ್ಲಿ ನನ್‌ಗಳ ಶಿಬಿರದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ವಾಪಸ್ ಬಂದರೆ ವರ್ಕ್‌ಶಾಪಿನಲ್ಲಿ ಕಾರಿಲ್ಲ. ಕಾರಿನವನು ಬಂದು ತೆಗೆದುಕೊಂಡು ಹೋದ ಅಂದ ಅಪ್ಪ, ತಲೆ ಎತ್ತದೆ.

ಅಂದರೆ ಅವನು ಬಂದಿದ್ದ. ನಾನಿಲ್ಲದ ಹೊತ್ತು ನೋಡಿ ಬಂದು ಹೋಗಿದ್ದ. ಒಂದು ಚೀಟಿ ಕೂಡ ಬಿಡದೆ.

ಐದು ವರ್ಷ ಬಿಟ್ಟು ಸಿಲ್ವಾನೊನನ್ನು ಮದುವೆಯಾದೆ. ಒಳ್ಳೆಯವನು, ಅವನ ಮೇಲೆ ಯಾವ ದೂರೂ ಇಲ್ಲ. ಹೋಗಿ ಒಂಬತ್ತು ವರ್ಷವಾಯಿತು. ಅವನ ಜೊತೆ ಸುಖವಾಗಿಯೇ ಇದ್ದೆ, ಆದರೂ ಬೂದು ಬಣ್ಣದ ಕಾರು ಕಂಡರೆ ಎದೆ ಧಸಕ್ಕೆನ್ನುವುದು ನಿಲ್ಲಲಿಲ್ಲ.

೧೫ ಮಾರ್ಚ್

ಕೆಲಸ ಕೆಲಸವೇ. ಪಟ್ಟಿ ಇಲ್ಲಿಯವರೆಗೆ:

ಮೊದಲನೆಯವನು ಕಾಸ್ತೆಲ್ನುವೊವೊದ ಹಂದಿಮಾಂಸದ ಸಾಹುಕಾರ, ೧೯೫೫. ಎರಡು ರೇಸ್ ಓಡಿಸಿದ, ಎರಡರಲ್ಲೂ ಹಳ್ಳಕ್ಕಿಳಿಸಿದ. ಎರಡು ವರ್ಷ ಬಿಟ್ಟು ಕಾರು ಅವನ ಹೆಂಡತಿಯ ಹೆಸರಿಗೆ. ತೆರಿಗೆಯವರ ಕಣ್ಣು ತಪ್ಪಿಸಲು ಇಲ್ಲಿ ಎಲ್ಲರೂ ಮಾಡುತ್ತಿದ್ದದ್ದೇ. ಕೊಡುವವನ ಸಹಿ ಇದ್ದರೆ ಸಾಕು, ಪಡೆಯುವವಳು ಕಚೇರಿಗೆ ಬರಬೇಕಾಗಿಯೂ ಇಲ್ಲ, ಅವಳಿಗೆ ತಿಳಿಯಬೇಕಾಗಿಯೂ ಇಲ್ಲ. ತನ್ನ ಹೆಸರಲ್ಲಿ ಮೂರು ಕಾರಿದ್ದದ್ದು ಗೊತ್ತಿಲ್ಲದೆ ಬಸ್ಸಿಗೆ ಕಾದು ನಿಲ್ಲುತ್ತಿದ್ದ ಹೆಂಗಸರನ್ನು ಕಂಡಿದ್ದೇನೆ. ಕಂಡು ನಕ್ಕಿದ್ದೇನೆ ಕೂಡ.

ಮೂರನೆಯವನು ಡ್ಯಾನ್ಸ್ ಬ್ಯಾಂಡಿನ ಅಕಾರ್ಡಿಯನ್‌ಗಾರ. ಡಿಕ್ಕಿಯಲ್ಲಿ ಅಕಾರ್ಡಿಯನ್ ಹಿಡಿಸದೆ ಅಗ್ಗಕ್ಕೆ ಮಾರಿದ. ನಾಲ್ಕನೆಯವನು ಮರಸ್ಪಿನ್ ತುಲ್ಲಿಯೊ, ೧೯೬೫, ವಿಳಾಸ ಮೊದೆನಾ.

ಲಾಂಬೆರ್ತೊಗೆ ಒಂದೇ ತಕರಾರು. ತ್ರಿಯೆಸ್ತೆಗೆ ಹೋದ ಕಾರು ಅಲ್ಲಿನ ಪ್ಲೇಟ್ ಹಾಕಿಸಿಕೊಳ್ಳಬೇಕಿತ್ತು, ಆಗಿನ ಕಾನೂನು ಹಾಗಿತ್ತು. ಇದು ಯಾಕೆ ಮೊದೆನಾದ ಪ್ಲೇಟಿನಲ್ಲೇ ಉಳಿಯಿತು? ಐದನೆಯವನು ಮೊದೆನಾದವನೇ ಇರಬೇಕು ಅನ್ನುತ್ತಾನೆ. ಬುದ್ಧಿವಂತ. ಮುಂದಿನ ವಾರ ದಾಖಲೆ ಕೊಠಡಿಗೆ ಹೋಗಬೇಕು.

೨೨ ಮಾರ್ಚ್

ಐದನೆಯ ಹೆಸರು ಸಿಕ್ಕಿತು.

ಇವತ್ತು ಬರೆಯಲಾರೆ.

೪ ಏಪ್ರಿಲ್, ಸೋಮವಾರ

ಹದಿಮೂರು ದಿನ. ಈಸ್ಟರ್ ಬಂದು ಹೋಯಿತು. ಅಕ್ಕ ಇಯೋಲೆಯ ಮನೆಗೆ ಊಟಕ್ಕೂ ಹೋಗಲಿಲ್ಲ, ಜ್ವರ ಅಂದೆ. ಅದೂ ಸುಳ್ಳು. ಸುಳ್ಳಿನಲ್ಲಿ ಮೊದಲಿಂದ ಕೈ ಪಳಗಿದೆ.

ಪುಟದಲ್ಲಿ ಇದ್ದದ್ದು ಇಷ್ಟು. ೩ ಜೂನ್ ೧೯೬೭. ಕೊಟ್ಟವನು, ಮರಸ್ಪಿನ್ ತುಲ್ಲಿಯೊ. ಪಡೆದವಳು, ಸೊಲಿಯಾನಿ ನೀವೆಸ್, ಮೊದೆನಾ, ಜನನ ೩ ಫೆಬ್ರವರಿ ೧೯೪೬.

ಅದರ ಕೆಳಗೆ ಖಾಲಿ. ಆಮೇಲೆ ಯಾರ ಹೆಸರಿಗೂ ಹೋಗಿಲ್ಲ.

ದಾಖಲೆ ಕೊಠಡಿಯ ಹೆಂಗಸು ಭುಜದ ಮೇಲಿಂದ ಬಗ್ಗಿ ನೋಡಿದಳು. ನಿಮ್ಮದೇ ಹೆಸರು, ಆದರೆ ವರ್ಷ ಬೇರೆ, ಬೇರೆ ಯಾರೋ ಇರಬೇಕು ಅಂದಳು. ಹೌದು ಅಂದೆ, ಸೊಲಿಯಾನಿಗಳು ಈ ಊರಲ್ಲಿ ರಾಶಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಕನ್ನಡಕ ತೆಗೆದು ಒರೆಸಿಕೊಂಡೆ.

ಈ ಭೂಮಿಯ ಮೇಲೆ ನಾನು ನಲವತ್ತಾರರಲ್ಲಿ ಹುಟ್ಟಿದ್ದು ಒಬ್ಬನಿಗೆ ಮಾತ್ರ.

ಅವನು ಹೇಳಿದ ಕಾಗದ ಇದು. ಪತ್ರ ಅಲ್ಲ. ಹೆಂಡತಿ ಅಂತ ಕರೆಯಲು ಕಾನೂನು ಬಿಡುತ್ತಿರಲಿಲ್ಲ, ಹೆಸರು ಕೊಡಲು ಆಗುತ್ತಿರಲಿಲ್ಲ. ಇದ್ದದ್ದು ಒಂದು ಕಾರು. ಅದನ್ನು ಕೊಟ್ಟಿದ್ದ. ನಲವತ್ತೊಂಬತ್ತು ವರ್ಷದಿಂದ ಅದು ನನ್ನದು. ಊರಿನ ಎಲ್ಲರ ಕಾರಿನ ಜಾತಕ ಬರೆದೆ, ನನ್ನದು ನನಗೆ ಗೊತ್ತಿಲ್ಲ.

ಹಾಗಾದರೆ ಕಾಗದ ಯಾರ ಕೈಗೆ ಬಂತು? ಕಾರು ಒಯ್ದವರು ಯಾರು?

ಅಪ್ಪ ಸತ್ತು ಮೂವತ್ಮೂರು ವರ್ಷ. ಕೇಳಲು ಉಳಿದವಳು ಇಯೋಲೆ ಒಬ್ಬಳೇ.

೯ ಏಪ್ರಿಲ್, ಶನಿವಾರ, ಸಂಜೆ

ಇಯೋಲೆಯ ಅಡುಗೆಮನೆ. ತೊರ್ತೆಲ್ಲೀನಿ ಕಡುಬು ಮಡಿಸುತ್ತಿದ್ದಳು. ಎಪ್ಪತ್ತಮೂರಕ್ಕೂ ಬೆರಳು ನನಗಿಂತ ಚುರುಕು. ಫೋಟೋಕಾಪಿಯನ್ನು ಹಿಟ್ಟಿನ ಹಲಗೆಯ ಮೇಲೆ ಇಟ್ಟೆ. ಓದಿದಳು. ಕೈ ಒರೆಸಿಕೊಂಡಳು. ನಾನು ಏನೂ ಕೇಳುವ ಮೊದಲೇ ಅಂದಳು, "ಅಪ್ಪ ಸಾಯೋವಾಗ ಹೇಳ್ತೀನಿ ಅಂದಿದ್ದ. ಹೇಳ್ಲಿಲ್ವಾ?"

ಇಲ್ಲ.

ಹೇಳಿದಳು. ಕಾಗದ ಜುಲೈ ಮೊದಲ ವಾರ ಬಂತು, ನಾನು ಸಮುದ್ರದ ದಂಡೆಯಲ್ಲಿದ್ದಾಗ. ಅಪ್ಪ ಒಡೆದು ಓದಿದ. ಮೂರು ದಿನ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡೇ ತಗಡು ಬಡಿದ. ನಾಲ್ಕನೇ ದಿನ ಕಾರು ತೆಗೆದುಕೊಂಡು ಒಬ್ಬನೇ ತ್ರಿಯೆಸ್ತೆಗೆ ಹೋದ. ನಿನ್ನ ಕಾರನ್ನು ಮಗಳು ವಾಪಸ್ ಕಳಿಸಿದ್ದಾಳೆ ಅಂತ ಹೇಳಿ, ಕೀಲಿ ಕೊಟ್ಟು, ರೈಲಿಗೆ ಬಂದ. ಬಂದು ಎರಡು ದಿನ ಉಣ್ಣಲಿಲ್ಲ.

ಅಂದರೆ ತುಲ್ಲಿಯೊಗೆ ಅದು ನನ್ನ ಉತ್ತರ.

ಸಿಟ್ಟು ಬಂತು. ಇಷ್ಟು ವರ್ಷಗಳಲ್ಲಿ ಇಯೋಲೆಯ ಮೇಲೆ ಹಾಗೆ ಕೂಗಿದ್ದೇ ಇಲ್ಲ. ಹೆಂಡತಿ ಇದ್ದವನು ಅಂತ ತಾನೇ, ಊರು ಏನನ್ನುತ್ತದೆ ಅಂತ ತಾನೇ, ಅಕ್ಟೋಬರ್‌ನಲ್ಲಿದ್ದ ನಿನ್ನ ಮದುವೆ ಕೆಡುತ್ತದೆ ಅಂತ ತಾನೇ ಅಂದೆ. ಅವಳು ಮಡಿಸುವುದನ್ನು ಬಿಟ್ಟು ಬೆರಳಿನಿಂದ ಫೋಟೋಕಾಪಿ ಕುಟ್ಟಿದಳು.

"ಅದಕ್ಕೆಲ್ಲ ಅಲ್ಲ ಕಣೆ. ಈ ವರ್ಷ ನೋಡು. ಅಪ್ಪ ಜರ್ಮನಿಯ ಯುದ್ಧಕೈದಿ ಕ್ಯಾಂಪಿಂದ ಮನೆಗೆ ಬಂದಿದ್ದು ನಲವತ್ತೈದರ ಸೆಪ್ಟೆಂಬರ್. ನಲವತ್ತಾರರ ಫೆಬ್ರವರಿಗೆ ಮಗಳು ಹುಟ್ಟಿದ್ರೆ ಅವಳು ಯಾರ ಮಗಳು? ನೀನೇ ಲೆಕ್ಕ ಹಾಕು."

ಕೂತುಬಿಟ್ಟೆ.

ಜೀವಮಾನವೆಲ್ಲ ತಾರೀಖು ನೋಡಿದವಳು ನಾನು. ಈ ಲೆಕ್ಕ ಒಂದು ದಿನವೂ ಹಾಕಲಿಲ್ಲ. ಎರಡು ವರ್ಷ ಕ್ಯಾಂಪಿನಲ್ಲಿದ್ದು ಮೂಳೆ ಚಕ್ಕಳವಾಗಿ ಬಂದವನು. ಆಗ ಬೀದಿಯಲ್ಲಿ ಎಷ್ಟು ಹೆಂಗಸರ ಹೆಸರು ಕೆಟ್ಟಿತ್ತು, ಅಮ್ಮನ ಹೆಸರು ಕೆಡಲಿಲ್ಲ. ಇಪ್ಪತ್ತು ವರ್ಷದ ಮೇಲೆ ಸರ್ಕಾರಿ ಮುದ್ರೆ ಹಾಕಿಸಿಕೊಂಡು ಬಂದ ಕಾಗದ ಅವಳ ಹೆಸರು ಕೆಡಿಸುತ್ತಿತ್ತು. ತಿದ್ದಿಸಲು ಕಚೇರಿಗೆ ಹೋದರೆ ಊರಿನ ಎಲ್ಲ ಗುಮಾಸ್ತರ ಮುಂದೆ ಬಾಯಿ ಬಿಡಬೇಕು. ಅದಕ್ಕೇ ಕಾರು ಕೊಟ್ಟು ಬಂದ, ಕಾಗದ ಹಾಗೇ ಬಿಟ್ಟ.

ಒಂದು ವರ್ಷ ಹೆಚ್ಚಿಗೆ ಹೇಳಿದೆ. ಒಂದೇ ವರ್ಷ. ಅದಕ್ಕೆ ಎಷ್ಟು ವರ್ಷ ಹೋಯಿತು.

"ನನಗಾದ್ರೂ ಹೇಳ್ಬೋದಿತ್ತು" ಅಂದೆ.

"ಮೊದಲು ಅಪ್ಪ ಬೇಡ ಅಂದ. ಆಮೇಲೆ ಸಿಲ್ವಾನೊ ಇದ್ದ. ಅವನು ಹೋದ್ಮೇಲೆ ನಿನ್ನ ಮುಖ ನೋಡಿ ಧೈರ್ಯ ಬರ್ಲಿಲ್ಲ." ಅಳುತ್ತಿದ್ದಳು. ಮಡಿಸಿದ್ದರಲ್ಲಿ ಅರ್ಧ ಕಟ್ಟಿ ಕೊಟ್ಟಳು. ಬೇಡ ಅನ್ನಲಾಗದೆ ತಂದೆ.

೨೩ ಏಪ್ರಿಲ್

ಲಾಂಬೆರ್ತೊ ಮೂರು ಸಲ ಫೋನ್ ಮಾಡಿದ. ನಾಲ್ಕು ಮಾಲೀಕರನ್ನು ಒಂದು ವಾರದಲ್ಲಿ ಹಿಡಿದವರಿಗೆ ಐದನೆಯವನಿಗೆ ಒಂದೂವರೆ ತಿಂಗಳು ಬೇಕೇ ಅಂತ ಅವನ ಕುಹಕ. ಕೊನೆಗೆ ಹೋದೆ. ಪುಟ ಕೊಟ್ಟೆ. ಗುರುತಿನ ಚೀಟಿಯನ್ನೂ ಪಕ್ಕದಲ್ಲಿಟ್ಟೆ. ಅಪ್ಪನ ವಿಷಯ ಹೇಳಲಿಲ್ಲ, ವರ್ಷದ ಸುಳ್ಳು ಹೇಳಿದೆ.

ಎರಡನ್ನೂ ನೋಡಿದ. ಟೋಪಿ ತೆಗೆದ. ನಗುತ್ತಾನೆ ಅಂದುಕೊಂಡೆ, ನಗಲಿಲ್ಲ. ಒಂದು ಕುರ್ಚಿ ತಂದು ಕಾರಿನ ಪಕ್ಕ ಹಾಕಿ, ಕೂತ್ಕೊಳ್ಳಿ ಸಿಞೋರಾ, ನಿಮ್ಮ ಕಾರಿನ ಹತ್ರ ನೀವು ಯಾಕೆ ನಿಂತಿದೀರಿ ಅಂದ.

ಆಮೇಲೆ ವ್ಯವಹಾರ. ಜೂರಿಕ್‌ನವನಿಗೆ ಹೋಗಬೇಕಾದರೆ ನನ್ನ ಸಹಿ ಬೇಕು. ನನ್ನ ಸಹಿ ನಡೆಯಬೇಕಾದರೆ ಆ ನಲವತ್ತಾರರವಳು ನಾನೇ ಎಂದಾಗಬೇಕು. ಅದನ್ನು ಹೇಳಬಲ್ಲವನು ಆ ಕಾಗದ ಮಾಡಿಸಿದವನೊಬ್ಬನೇ. ಅವನೂ ನಾನೂ ಒಟ್ಟಿಗೆ ತ್ರಿಯೆಸ್ತೆಯ ಕಚೇರಿಗೆ ಹೋಗಿ, ವರ್ಷ ತಪ್ಪು, ಆಸಾಮಿ ಇವಳೇ ಅಂತ ಬರೆದು ಕೊಡಬೇಕು. ಲಾಂಬೆರ್ತೊ ಎರಡು ಫಾರಂ ತುಂಬಿಸಿ ನೀಲಿ ಫೋಲ್ಡರಿನಲ್ಲಿಟ್ಟ. ಒಂದು ತಿದ್ದುಪಡಿ, ಒಂದು ಮಾರಾಟ.

ಫೋನ್ ನಂಬರ್ ಫೋಲ್ಡರಿನ ಮೇಲೆ ದಪ್ಪಗೆ ಬರೆದಿದ್ದಾನೆ. ಕಾಣದಿರಲಿ ಅಂತ ತಿರುಗಿಸಿಟ್ಟಿದ್ದೇನೆ.

೨ ಮೇ, ಸೋಮವಾರ, ೧೧ ಗಂಟೆ

ಮೂರು ಸಲ ಒತ್ತಿ ಕತ್ತರಿಸಿದೆ. ನಾಲ್ಕನೇ ಸಲ ಅವನೇ ಎತ್ತಿದ. ದನಿ ಕುಗ್ಗಿದೆ, ಆದರೆ ಅದೇ. ಸೊಲಿಯಾನಿ ಅಂದೆ.  ಆ ಕಡೆ ಎಲ್ಲೋ ಹಾಡುತ್ತಿದ್ದ ರೇಡಿಯೊ ನಿಂತಿತು.

"ಎರ್ಮೆಸ್ ಅವರ ಮನೆಯವರಾ?"

"ಚಿಕ್ಕ ಮಗಳು."

"ಹೇಳಿ."

ಇಬ್ಬರೂ ನೀವು-ತಾವು ಅಂತಲೇ ಮಾತಾಡಿದೆವು, ಬ್ಯಾಂಕಿನವರ ಹಾಗೆ. ಫಾರಂ ವಿಷಯ ಹೇಳಿದೆ. ವರ್ಷ ತಪ್ಪೆಂದು ಹೇಳಿದೆ, ನಾನೇ ಹೇಳಿದ ತಪ್ಪೆಂದು. ಅಂದರೆ ಆಗ ಇಪ್ಪತ್ತೇ ಅಂದರು. ಇಪ್ಪತ್ತೇ ಅಂದೆ. ಕೆಮ್ಮಿದರೋ ನಕ್ಕರೋ ತಿಳಿಯಲಿಲ್ಲ.

ಹದಿನೆಂಟಕ್ಕೆ ಬರುತ್ತೇನೆ ಅಂದೆ. ಇಡುವ ಮೊದಲು ತಡೆಯಲಾಗದೆ ಹೇಳಿದೆ, ಕಾರು ಕಳಿಸಿದ್ದು ನಾನಲ್ಲ. ಕಾಗದ ಬಂದದ್ದೂ ಅಪ್ಪ ಕಾರು ತಂದುಕೊಟ್ಟದ್ದೂ ನನಗೆ ಗೊತ್ತೇ ಇರಲಿಲ್ಲ, ಗೊತ್ತಾದದ್ದು ಮೊನ್ನೆ ಏಪ್ರಿಲ್‌ನಲ್ಲಿ.

  "ಹದಿನೆಂಟಕ್ಕೆ ಗಾಳಿ ಜೋರಿರುತ್ತೆ. ಬೆಚ್ಚಗೆ ಹಾಕ್ಕೊಂಡು ಬನ್ನಿ."

ಮೇ ತಿಂಗಳಲ್ಲಿ ಗಾಳಿಯಂತೆ.

೧೬ ಮೇ

ಕೂದಲು ಬಣ್ಣ ಹಾಕಿಸಿದೆ. ಹಾಕಿಸಿಕೊಂಡು ಬಂದು ನಾಚಿಕೆಯಾಯಿತು. ಇಯೋಲೆ ನೋಡಿ, ಆ ಮನುಷ್ಯನಿಗೆ ಕಣ್ಣೇ ಸರಿ ಇಲ್ವಂತೆ, ಯಾರಿಗೆ ಈ ಸಿಂಗಾರ ಅಂದಳು. ಅವರ ಅಣ್ಣನ ಮಗ ಲಾಂಬೆರ್ತೊಗೆ ಹೇಳಿದ್ದು, ಲಾಂಬೆರ್ತೊ ಇವಳಿಗೆ ಹೇಳಿದ್ದು. ಇಡೀ ಊರಿಗೆ ಗೊತ್ತಾಗಲು ಇನ್ನೆಷ್ಟು ಹೊತ್ತು.

ಅರವತ್ತೊಂಬತ್ತಕ್ಕೆ ಆಸೆಪಡಬಾರದೆಂದು ಯಾವ ಕಾಗದದಲ್ಲಿ ಬರೆದಿದೆ? ಆಸೆ ಏನು ಅಂತ ಕೇಳಿದರೆ ಹೇಳಲೂ ಬರುವುದಿಲ್ಲ. ಹೋದದ್ದು ಬರುವುದಿಲ್ಲ, ಅಷ್ಟು ತಿಳಿಯುತ್ತದೆ. ಆದರೂ ಬೇಕು. ಎದುರಿಗೆ ಕೂರಬೇಕು, ಒಂದು ಮಾತು ಕೇಳಬೇಕು.

೧೮ ಮೇ, ತ್ರಿಯೆಸ್ತೆ, ಸಂಜೆ ೭

ಗಾಳಿ ಇತ್ತು. ಅವರು ಹೇಳಿದ್ದು ನಿಜ.

ಫ್ಲಾಟು ಚಿಕ್ಕದು, ಇನ್ನೂ ಅರ್ಧ ಸಾಮಾನು ಪೆಟ್ಟಿಗೆಯಲ್ಲಿ. ಎತ್ತರ ಕುಗ್ಗಿದ್ದಾರೆ. ಕಣ್ಣಿನ ನಡುಭಾಗ ಹೋಗಿದೆಯಂತೆ, ಅಂಚಿನಲ್ಲಿ ಮಾತ್ರ ಕಾಣುತ್ತದಂತೆ. ನನ್ನನ್ನು ನೋಡಲು ಮುಖ ಪಕ್ಕಕ್ಕೆ ತಿರುಗಿಸಬೇಕು. ಕಾಫಿ ತಾವೇ ಮಾಡಿದರು, ನಾನು ಎದ್ದರೆ ಕೂರಿ ಅಂದರು.

ಅಪ್ಪನ ಕಥೆ ಪೂರ್ತಿ ಹೇಳಿದೆ. ಕ್ಯಾಂಪಿನದು, ಅಮ್ಮನದು. ಕೇಳುತ್ತ ಕೂತರು. ಅಪ್ಪ ಕೀಲಿ ಕೊಟ್ಟು ಹೋದ ದಿನ ಅವನನ್ನು ಬಸ್ಸಿನಲ್ಲಿ ಸ್ಟೇಷನ್ನಿಗೆ ಬಿಡಲು ಹೋದದ್ದು ಇವರೇ ಅಂತೆ.  ಇಳಿಯುವಾಗ ಅಪ್ಪ, ಮಡ್‌ಗಾರ್ಡ್‌ಗೆ ದುಡ್ಡು ಬೇಡ ಅಂದನಂತೆ. ಅದನ್ನು ಕೇಳಿ ಅಪ್ಪನ ಮೇಲೆ ಉಳಿದಿದ್ದ ಸಿಟ್ಟೂ ಇಳಿದುಹೋಯಿತು.

ಅವರ ಹೆಂಡತಿ ತೀರಿಕೊಂಡದ್ದು ಎಪ್ಪತ್ತಾರರಲ್ಲಿ. ಮತ್ತೆ ಮದುವೆಯಿಲ್ಲ. ಕಣ್ಣು ಚೆನ್ನಾಗಿರುವ ತನಕ ಪ್ರತಿ ತಿಂಗಳು ಕಾರನ್ನು ಸ್ಟಾರ್ಟ್ ಮಾಡಿ ಅಂಗಳದಲ್ಲಿ ಹತ್ತು ಗಜ ಮುಂದೆ, ಹತ್ತು ಗಜ ಹಿಂದೆ ಓಡಿಸುತ್ತಿದ್ದರಂತೆ. ಗೇಟು ದಾಟಿಸಲಿಲ್ಲವಂತೆ. ಬೇರೆಯವರ ಕಾರನ್ನು ರಸ್ತೆಗೆ ಹೇಗೆ ತರುವುದು ಅಂದರು.

ಆಗ ಕೇಳಿದೆ, ಕೇಳಲೆಂದೇ ಬಂದ ಮಾತು. ನಮ್ಮಪ್ಪ ಕಾರು ತಂದು ಕೊಟ್ಟ ಮೇಲೆ ಒಂದು ಸಹಿ ಕೇಳಿ ಬರೆದಿದ್ದರೆ ಕಾರು ನಿಮ್ಮ ಹೆಸರಿಗಾಗುತ್ತಿತ್ತು. ಮೂರು ಸಾಲಿನ ಪತ್ರ. ಯಾಕೆ ಕೇಳಲಿಲ್ಲ?

ಮುಖ ಪಕ್ಕಕ್ಕೆ ತಿರುಗಿಸಿ ನನ್ನನ್ನು ನೋಡಿದರು.

"ಕೇಳಿದ್ರೆ ನೀವು ಸಹಿ ಹಾಕಿ ಕಳ್ಸಿಬಿಡ್ತಿದ್ರಿ."

ಹೌದು. ಕಳಿಸಿಬಿಡುತ್ತಿದ್ದೆ. ಅಷ್ಟು ಕೋಪವಿತ್ತು. ಸಹಿ ಹಾಕಿ, ಅಂಚೆಗೆ ಹಾಕಿ, ಮುಗಿಯಿತು ಅಂದುಕೊಳ್ಳುತ್ತಿದ್ದೆ.

ಅಳು ಬಂತು. ತಡೆಯಲಿಲ್ಲ. ಅವರು ಕೈಚೌಕ ಹುಡುಕಿದರು, ಪೆಟ್ಟಿಗೆಗಳಲ್ಲಿ ಸಿಗಲಿಲ್ಲ, ಅಡುಗೆಮನೆಯ ಟವೆಲ್ ತಂದುಕೊಟ್ಟರು. ನಾಳೆ ಎಷ್ಟು ಗಂಟೆಗೆ ಅಂತ ಕೇಳಿದರು. ಒಂಬತ್ತಕ್ಕೆ ಅಂದೆ. ಜೂರಿಕ್‌ನವನು ಒಳ್ಳೆಯ ಮನುಷ್ಯನೇ ಅಂತ ಕೇಳಿದರು. ಗೊತ್ತಿಲ್ಲ ಅಂದೆ.

೧೯ ಮೇ, ಗುರುವಾರ, ೯.೪೦, ಕಚೇರಿಯ ಬೆಂಚು

ನಮ್ಮ ನಂಬರ್ ನಲವತ್ತೆರಡು. ಕಿಟಕಿಯಲ್ಲಿ ಮೂವತ್ತೊಂಬತ್ತು ನಡೆಯುತ್ತಿದೆ, ಟ್ರ್ಯಾಕ್ಟರ್ ವಿಷಯಕ್ಕೆ ಒಬ್ಬ ಜಗಳವಾಡುತ್ತಿದ್ದಾನೆ. ಕೂತಲ್ಲೇ ಬರೆಯುತ್ತಿದ್ದೇನೆ.

ತುಲ್ಲಿಯೊ ಪಕ್ಕದಲ್ಲಿ. ಟೈ ಕಟ್ಟಿಕೊಂಡು ಬಂದಿದ್ದಾರೆ, ಗಂಟು ಓರೆ. ನೀಲಿ ಫೋಲ್ಡರ್ ನನ್ನಿಂದ ಇಸಿದುಕೊಂಡು ತೊಡೆಯ ಮೇಲೆ ಇಟ್ಟುಕೊಂಡಿದ್ದಾರೆ, ಎರಡೂ ಅಂಗೈ ಅದರ ಮೇಲೆ ಒತ್ತಿ.   ಮೊದಲು ವರ್ಷ ತಿದ್ದುತ್ತಾರೆ, ಆಮೇಲೆ ನಾನು ಮಾರಾಟಕ್ಕೆ ಸಹಿ ಹಾಕುತ್ತೇನೆ, ಅಲ್ಲಿಗೆ ಮುಗಿಯಿತು ಅಂತ ಕೂತಿದ್ದಾರೆ. ಕಣ್ಣು ಸರಿ ಇದ್ದಿದ್ದರೆ ಬಿಚ್ಚಿ ನೋಡುತ್ತಿದ್ದರು.

ನಲವತ್ತು. ಟ್ರ್ಯಾಕ್ಟರಿನವನು ಹೋದ.

ನಿನ್ನೆ ಮನೆಯಿಂದ ಹೊರಡುವಾಗ ಮಾರಾಟದ ಫಾರಂ ತೆಗೆದು ಮೇಜಿನ ಮೇಲೆ ಬಿಟ್ಟು ಬಂದೆ. ಆಗ ಯಾಕೆ ಅಂತ ನನಗೇ ಗೊತ್ತಿರಲಿಲ್ಲ. ರೈಲು ಹತ್ತುವ ಮೊದಲು ಲಾಂಬೆರ್ತೊಗೆ ಫೋನ್ ಮಾಡಿ, ಜೂರಿಕ್‌ನವನಿಗೆ ಬೇರೆ ಕಾರು ನೋಡು ಅಂದೆ. ಬೈದ. ಬೈದು, ಬ್ಯಾಟರಿ ಹೊಸದು ಹಾಕ್ಲಾ ಅಂದ.

ಇವರಿಗೆ ಇನ್ನೂ ಹೇಳಿಲ್ಲ. ಹೇಗೆ ಹೇಳುವುದು ತಿಳಿಯುತ್ತಿಲ್ಲ. ಕಿಟಕಿಯ ಮುಂದೆ ಫೋಲ್ಡರ್ ತೆರೆದಾಗ ಒಂದೇ ಹಾಳೆ ಇರುತ್ತದೆ.

ನಲವತ್ತೊಂದು.

"ಏನು ಬರೀತಿದೀರಿ ಅಷ್ಟೊಂದು?" ಅಂತ ಕೇಳುತ್ತಿದ್ದಾರೆ. ಮುಖ ಆ ಕಡೆ ತಿರುಗಿಸಿ ಈ ಕಡೆ ನೋಡುತ್ತಿದ್ದಾರೆ. ಮಾಲೀಕರ ಪಟ್ಟಿ ಅಂದೆ. ಕೊನೆಯ ಹೆಸರು ಯಾರದ್ದು ಅಂತ ಕೇಳುತ್ತಿದ್ದಾರೆ, ನಾನು

ನಲವತ್ತೆರಡು